ಹೇಳಿದ್ದೇನೆಂದು ಬರೆಯಲಿಲ್ಲ

ಶಿಕಾರಿಪುರ
6 ಜನವರಿ 2025

ಮಾನ್ಯ ಸದಾಶಿವಪ್ಪ ಸರ್ ಅವರಿಗೆ,

ವಾಸಂತಿಯ ನಮಸ್ಕಾರಗಳು. ಕನ್ನಡದ ಟೀಚರ್ ಎಂದರೆ ಬೇಗ ನೆನಪಾದೀತು. ನೀವು ಹೆಡ್‌ಮಾಸ್ಟರಾಗಿದ್ದ ಹನ್ನೊಂದು ವರ್ಷವೂ ನಿಮ್ಮ ಕೈಕೆಳಗೆ ದುಡಿದವಳು. ನೀವು ನಿವೃತ್ತರಾಗಿ ಸೊರಬಕ್ಕೆ ಹೋದ ಮೇಲೆ ಇದೇ ಮೊದಲ ಕಾಗದ. ಫೋನ್ ಮಾಡಬಹುದಿತ್ತು, ನಿಮ್ಮ ಮಗ ರಾಜಕುಮಾರ್ ಅವರ ಗೊಬ್ಬರದ ಅಂಗಡಿಯ ನಂಬರು ನನ್ನ ಹತ್ತಿರ ಇದೆ. ಆದರೆ ಕೇಳಬೇಕಾಗಿರುವುದು ನೀವು ಬರೆದಿಟ್ಟ ಒಂದು ಮಾತಿನ ಬಗ್ಗೆ. ಉತ್ತರವೂ ಬರವಣಿಗೆಯಲ್ಲೇ ಬರಲಿ ಎಂದು ಆಸೆ.

ಈ ಬಾರಿ ಹೆಡ್‌ಮಿಸ್ಟ್ರೆಸ್ ಹುದ್ದೆಗೆ ನನ್ನ ಹೆಸರಿದೆ. ಸೇವಾ ಹಿರಿತನದಲ್ಲಿ ನಾನೇ ಮೊದಲು. ಮಾರ್ಚ್ ಹತ್ತಕ್ಕೆ ಆಡಳಿತ ಮಂಡಳಿಯ ಸಭೆ. ಮೊನ್ನೆ ಕಾರ್ಯದರ್ಶಿ ಗುರುಪ್ರಕಾಶ್ ನನ್ನನ್ನು ಕರೆಸಿ ಹಳೆಯ ಫೈಲಿನ ಒಂದು ಹಾಳೆ ತೋರಿಸಿದರು. 2018ರ ಆಗಸ್ಟ್ ಒಂಬತ್ತರಂದು ನಮ್ಮ ಶಾಲೆಯ ಹದಿನಾಲ್ಕು ಮಕ್ಕಳು ಬಿಸಿಯೂಟ ಉಂಡು ವಾಂತಿ ಮಾಡಿಕೊಂಡರಲ್ಲ, ಅದರ ಬಗ್ಗೆ ನೀವು ಇಂಗ್ಲಿಷಿನಲ್ಲಿ ಬರೆದ ವರದಿ. ಅದರಲ್ಲಿ ನನ್ನ ಬಗ್ಗೆ ಇರುವುದು ಒಂದೇ ವಾಕ್ಯ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಅಂದು ರುಚಿ ನೋಡುವ ಪಾಳಿಯಲ್ಲಿದ್ದ ಶಿಕ್ಷಕಿಯನ್ನು ವಿಚಾರಿಸಲಾಗಿ, ಅವರು ‘ಸೌರ್ಲಿ’ (sourly) ಉತ್ತರಿಸಿ ತರಗತಿಗೆ ಹೊರಟುಹೋದರು.

ಗುರುಪ್ರಕಾಶ್ ಆ ಪದದ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. "ಮೇಡಂ, ಮಕ್ಕಳ ಜೀವದ ವಿಷಯದಲ್ಲಿ ಹಿಂಗೆ ನಡ್ಕೊಂಡೋರಿಗೆ ಶಾಲೆ ಹೆಂಗೆ ಒಪ್ಪಿಸೋದು?" ಎಂದು ಕೇಳಿದರು. ಮನೆಗೆ ಬಂದು ನಿಘಂಟು ತೆಗೆದು ನೋಡಿದೆ, ‘ಅಸಮಾಧಾನದಿಂದ, ಸಿಡುಕಿನಿಂದ’ ಎಂದಿತ್ತು. ಏಳು ವರ್ಷ ಆ ಪದ ಫೈಲಿನೊಳಗೆ ಕುಳಿತಿತ್ತು, ನನಗೆ ಗೊತ್ತೇ ಇರಲಿಲ್ಲ.

ಅವತ್ತು ನಾನು ನಿಮಗೆ ಏನು ಉತ್ತರ ಕೊಟ್ಟೆ ಎಂಬುದು ನಿಮಗೆ ನೆನಪಿರಲೇಬೇಕು. ಆ ಪದದಿಂದ ನೀವು ಏನನ್ನು ಹೇಳಹೊರಟಿದ್ದಿರಿ, ದಯವಿಟ್ಟು ತಿಳಿಸಿ.

ಇಂತಿ,
ವಾಸಂತಿ

*

ಸೊರಬ
14 ಜನವರಿ 2025, ಸಂಕ್ರಾಂತಿ

ವಾಸಂತಿ ಮೇಡಂ ಅವರಿಗೆ ಶರಣು ಶರಣಾರ್ಥಿ.

ಹಬ್ಬದ ದಿನ ಬರೆಯುತ್ತಿದ್ದೇನೆ, ಈ ಕಾಗದದ ಜೊತೆ ಎಳ್ಳುಬೆಲ್ಲವೂ ಬಂತೆಂದು ತಿಳಿಯಿರಿ. ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಕಿವಿ ಈಗ ಕೈಕೊಟ್ಟಿದೆ. ಅಂಗಡಿಯಲ್ಲಿ ಕೂತರೆ ಯೂರಿಯಾ ಕೇಳಿದವರಿಗೆ ಬೇವಿನ ಹಿಂಡಿ ಕೊಡುತ್ತೇನೆಂದು ಮಗ ಒಳಗೇ ಕೂರಿಸಿದ್ದಾನೆ.

ಪದದ ವಿಷಯ. ನೀವು ಕೇಳಿದ್ದು ನನಗೆ ಸಂತೋಷವೇ. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವನನ್ನು ಈಗ ಒಂದು ಪದದ ಅರ್ಥ ಕೇಳುವವರೂ ಇಲ್ಲ. ‘ಸೌರ್’ ಎಂದರೆ ಹುಳಿ. ಹುಣಸೆಗೂ ಹತ್ತುತ್ತದೆ, ಕೆಟ್ಟ ಹಾಲಿಗೂ ಹತ್ತುತ್ತದೆ. ಅದಕ್ಕೆ ‘ಲಿ’ ಸೇರಿತೋ, ಅದು ವಸ್ತುವನ್ನು ಬಿಟ್ಟು ಮನುಷ್ಯರ ನಡೆನುಡಿಗೆ ಅಂಟಿಕೊಳ್ಳುತ್ತದೆ. ನೋಡುವುದು, ನಗುವುದು, ಉತ್ತರ ಕೊಡುವುದು, ಇಂಥ ಕ್ರಿಯೆಗಳ ಪಕ್ಕ ಬರುತ್ತದೆ. ಚಿಲ್ಲರೆ ಇಲ್ಲ ಎಂದರೆ ಕಂಡಕ್ಟರು ನೋಡುವುದು ಸೌರ್ಲಿ. ಸೊಸೈಟಿ ಚುನಾವಣೆಯಲ್ಲಿ ಸೋತವನು ಗೆದ್ದವನ ಕೈಕುಲುಕುವುದು ಸೌರ್ಲಿ. ಇದು ಕಹಿ ಅಲ್ಲ, ಕಹಿಯಲ್ಲಿ ದ್ವೇಷವಿದೆ. ಖಾರವೂ ಅಲ್ಲ, ಖಾರದಲ್ಲಿ ಸಿಟ್ಟಿದೆ. ಇದರಲ್ಲಿ ಇರುವುದು ಬರೀ ಅಸಮಾಧಾನ, ಮೂತಿ ಸೊಟ್ಟ ಮಾಡುವಷ್ಟು. ಅಂಥ ದೊಡ್ಡ ಅಪರಾಧವೇನಲ್ಲ.

ನಿಜ ಹೇಳಬೇಕೆಂದರೆ ನಾನು ವರದಿಯನ್ನು ಮೊದಲು ಕನ್ನಡದಲ್ಲಿ ಕಚ್ಚಾ ಬರೆದು ಆಮೇಲೆ ಇಂಗ್ಲಿಷಿಗೆ ಇಳಿಸುತ್ತಿದ್ದೆ. ಕಚ್ಚಾ ಪ್ರತಿಯಲ್ಲಿ ‘ಹುಳ್ಳಗೆ ನಕ್ಕು ಉತ್ತರಿಸಿ’ ಎಂದು ಇದ್ದಿರಬೇಕು. ಪೆಚ್ಚಾಗಿ ನಕ್ಕಿರಿ ಎನ್ನುವುದು ಅವಸರದಲ್ಲಿ ಹೀಗೆ ಆಗಿರಬಹುದು. ಗುರುಪ್ರಕಾಶನಿಗೆ ಇದನ್ನೇ ಹೇಳಿ, ಅವನೂ ನನ್ನ ಶಿಷ್ಯನೇ. ಬೇಕಾದರೆ ನಾನೂ ಒಂದು ಮಾತು ಹಾಕುತ್ತೇನೆ.

ಏಪ್ರಿಲ್‌ನಲ್ಲಿ ಹೇಗೂ ಬರುವವನಿದ್ದೇನೆ. ಮಕ್ಕಳಿಗೆ ಹೊಸ ಊಟದ ಹಾಲ್ ಕಟ್ಟಿದ್ದಾರಂತಲ್ಲ, ಅದಕ್ಕೆ ನನ್ನ ಹೆಸರಿಡುತ್ತಾರಂತೆ. ನಾನು ಬೇಡವೆಂದೆ, ಕೇಳಲಿಲ್ಲ.

ನಿಮ್ಮ
ಸದಾಶಿವಪ್ಪ

*

ಶಿಕಾರಿಪುರ
20 ಜನವರಿ 2025

ಸರ್,

ಪಾಠ ಚೆನ್ನಾಗಿತ್ತು. ನಿಮ್ಮ ಪಾಠ ಯಾವತ್ತೂ ಚೆನ್ನಾಗಿಯೇ ಇರುತ್ತಿತ್ತು. ಆದರೆ ನಾನು ಅವತ್ತು ಹುಳ್ಳಗೂ ನಗಲಿಲ್ಲ, ಬೆಳ್ಳಗೂ ನಗಲಿಲ್ಲ. ನಕ್ಕಿದ್ದರೆ ಹುಚ್ಚಿ ಅನ್ನಬೇಕಿತ್ತು.

ನಿಮಗೆ ಮರೆತಿದ್ದರೆ ನಾನೇ ನೆನಪಿಸುತ್ತೇನೆ. ಬೆಂಚು ಕೊಟ್ಟ ದಾನಿಗಳು ಅವತ್ತು ಬರುವವರಿದ್ದರು. ಬಿಸಿಯೂಟದ ಅಡುಗೆಯ ಹುಚ್ಚಮ್ಮ ಅಡುಗೆ ಮನೆಯನ್ನು ಕನ್ನಡಿಯ ಹಾಗೆ ತೊಳೆದಿಟ್ಟಿದ್ದಳು. ಹನ್ನೆರಡೂವರೆಗೆ ನಾನು ಹೋಗಿ ಒಂದು ಸೌಟು ಸಾಂಬಾರು ತಟ್ಟೆಗೆ ಹಾಕಿಸಿಕೊಂಡೆ. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು. ನೀವು ಬಾಗಿಲಲ್ಲೇ ನಿಂತಿದ್ದಿರಿ, ಕೈಯಲ್ಲಿ ಹಾರದ ಚೀಲವಿತ್ತು. "ಹೆಂಗಿದೆ ಮೇಡಂ?" ಎಂದಿರಿ. "ಸಾಂಬಾರು ಹುಳಿ ತಿರುಗಿದೆ ಸರ್, ಮಕ್ಕಳಿಗೆ ಬಡಿಸೋದು ಬೇಡ, ಮೊಸರನ್ನ ಮಾಡಿಸೋಣ" ಎಂದೆ. ನೀವು ಗಡಿಯಾರ ನೋಡಿಕೊಂಡಿರಿ. "ಮಕ್ಕಳು ಸಾಲಲ್ಲಿ ಕೂತಾಗಿದೆ, ಅವರು ಫೋಟೊ ತೆಗೆಯೋಕೆ ಕಾಯ್ತಿದ್ದಾರೆ, ನೀವು ಕ್ಲಾಸಿಗೆ ಹೋಗ್ರಿ" ಎಂದಿರಿ. ನಾನು ಹೋದೆ. ಎರಡು ಗಂಟೆಗೆ ಎಂಟನೇ ಕ್ಲಾಸಿನ ಬಿಂದುಶ್ರೀ ನನ್ನ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡಳು.

ಇದು ನನ್ನ ಉತ್ತರ, ಪೂರ್ತಿ. ನಿಮ್ಮ ವರದಿಯಲ್ಲಿ ಇದರ ಒಂದಕ್ಷರವೂ ಇಲ್ಲ. ನಾನು ಹೇಗೆ ಹೇಳಿದೆ ಎಂದು ಬರೆದಿರಿ, ಏನು ಹೇಳಿದೆ ಎಂದು ಬರೆಯಲಿಲ್ಲ. ಹುಳಿ ಇದ್ದದ್ದು ಸಾಂಬಾರಿನಲ್ಲಿ. ನೀವು ಅದನ್ನು ಪಾತ್ರೆಯಿಂದ ಎತ್ತಿ ನನ್ನ ನಾಲಿಗೆಯ ಮೇಲಿಟ್ಟಿರಿ. ಇದು ಅವಸರದ ಅನುವಾದವಲ್ಲ ಸರ್. ಒಂದು ವಿರಾಮಚಿಹ್ನೆ ತಪ್ಪಿದರೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ತಿದ್ದುತ್ತಿದ್ದವರು ನೀವು.

ನನಗೆ ಬೇಕಾಗಿರುವುದು ಇಷ್ಟೇ. ಅವತ್ತು ವಾಸಂತಿ ಟೀಚರ್ ಬಡಿಸಬೇಡಿ ಎಂದು ಹೇಳಿದ್ದರು ಎಂದು ಮಂಡಳಿಗೆ ಒಂದು ಕಾಗದ ಬರೆದುಕೊಡಿ.

ವಾಸಂತಿ

*

ಸೊರಬ
29 ಜನವರಿ 2025

ಮೇಡಂ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕೋರ್ಟಿನ ಸಮನ್ಸು ಕೂಡ ಇದಕ್ಕಿಂತ ಮೃದುವಾಗಿರುತ್ತದೆ.

ಬರೆದುಕೊಡುತ್ತೇನೆ ಎಂದೇ ಇಟ್ಟುಕೊಳ್ಳಿ. ಆಮೇಲೆ ಮಂಡಳಿಯವರು ರುಚಿ ಪುಸ್ತಕ ತೆಗೆಸುತ್ತಾರೆ. ಊಟದ ರುಚಿ ನೋಡಿ ಟೀಚರ್‌ಗಳು ದಿನಾ ಷರಾ ಬರೆದು ಸಹಿ ಹಾಕುವ ಆ ಉದ್ದನೆಯ ಪುಸ್ತಕ ನಿಮಗೆ ನೆನಪಿರಬೇಕು. ಆಗಸ್ಟ್ ಒಂಬತ್ತನೇ ತಾರೀಖು, ಗುರುವಾರದ ಸಾಲಿನಲ್ಲಿ ಏನಿದೆ ಗೊತ್ತೇ? ‘ಅಡುಗೆ ಚೆನ್ನಾಗಿದೆ, ಬಡಿಸಬಹುದು.’ ಕೆಳಗೆ ನಿಮ್ಮ ಸಹಿ, ಮುತ್ತು ಪೋಣಿಸಿದ ಹಾಗೆ.

ಅದು ಹೇಗೆ ಬಂತೆಂದು ನಿಮಗೂ ಗೊತ್ತು, ನನಗೂ ಗೊತ್ತು. ವಾರದ ಪಾಳಿ ಯಾರದೋ ಅವರು ಸೋಮವಾರವೇ ಆರೂ ದಿನದ ಷರಾ ಬರೆದು ಸಹಿ ಜಡಿದುಬಿಡುತ್ತಿದ್ದರು, ದಿನಾ ಪುಸ್ತಕ ಹುಡುಕುವ ಕೆಲಸ ತಪ್ಪಲಿ ಎಂದು. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನು ಕಂಡೂ ಕಾಣದ ಹಾಗಿದ್ದೆ. ಈಗ ಹೇಳಿ, ನೀವು ಬಡಿಸಬೇಡಿ ಎಂದಿರೆಂದು ನಾನು ವರದಿಯಲ್ಲಿ ಬರೆದಿದ್ದರೆ ಏನಾಗುತ್ತಿತ್ತು? ಬಾಯಲ್ಲಿ ಬೇಡ, ಪುಸ್ತಕದಲ್ಲಿ ಬೇಕು. ಹದಿನಾಲ್ಕು ಮಕ್ಕಳು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ನಿಮ್ಮನ್ನು ಸುಮ್ಮನೆ ಬಿಡುತ್ತಿದ್ದರೇ? ನೀವು ಹೇಳಿದ್ದನ್ನು ಬರೆಯಲಿಕ್ಕಾಗುವುದಿಲ್ಲ, ಹೇಳಲೇ ಇಲ್ಲ ಎಂದು ಬರೆಯಲಿಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಹಾವು ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಆ ಪದ ಹುಡುಕಿದ್ದು. ಅವತ್ತು ನಿಮ್ಮ ಕೆಲಸ ಉಳಿಸಿದ್ದು ಅದೇ ‘ಸೌರ್ಲಿ’.

ಪುಸ್ತಕ ಇನ್ನೂ ಶಾಲೆಯ ಕಬ್ಬಿಣದ ಬೀರುವಿನಲ್ಲೇ ಇದೆ, ಯಾರೂ ತೆರೆದಿಲ್ಲ. ತೆರೆಸುವುದು ಬಿಡುವುದು ನಿಮಗೆ ಬಿಟ್ಟದ್ದು.

ಸದಾಶಿವಪ್ಪ

*

ಶಿಕಾರಿಪುರ
22 ಫೆಬ್ರವರಿ 2025

ಸದಾಶಿವಪ್ಪ ಸರ್ ಅವರಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ. ಹೆದರಿಕೆಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆ ಸಹಿಯನ್ನು ನಾನು ಮರೆತಿರಲಿಲ್ಲ. ಏಳು ವರ್ಷ ನಾನು ಅದನ್ನು ನೋಡದ ಹಾಗೆ ಮುಖ ತಿರುಗಿಸಿಕೊಂಡಿದ್ದೆ, ಅಷ್ಟೇ. ಅವತ್ತು ನಾನು ಕ್ಲಾಸಿಗೆ ಸುಮ್ಮನೆ ಹೋದದ್ದೂ ಅದಕ್ಕೇ. ನಿಮ್ಮ ಹತ್ತಿರ ಇನ್ನೂ ಎರಡು ಮಾತು ಜೋರಾಗಿ ಆಡಿದ್ದರೆ ಪುಸ್ತಕ ಹೊರಗೆ ಬರುತ್ತಿತ್ತು. ಸೌಟನ್ನು ಹಿಡಿದು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ನಾನು ಹೋದ ರೀತಿಗೆ ನೀವು ಏನು ಹೆಸರಿಟ್ಟರೂ ತಪ್ಪಿಲ್ಲ.

ಆದರೆ ನಿಮ್ಮ ಕಾಗದದಲ್ಲಿ ಒಬ್ಬರ ಲೆಕ್ಕವೇ ಇಲ್ಲ ಸರ್. ನೀವು ಉಳಿದಿರಿ, ನಾನು ಉಳಿದೆ. ಹುಚ್ಚಮ್ಮ? ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿ ಒಂದೇ ಅಂದುಕೊಂಡಿದ್ದೆ. ಎರಡಿದ್ದವು.

ಹೋದ ಭಾನುವಾರ ಅವಳ ಊರು ಬಳ್ಳಿಗಾವಿಗೆ ಹೋಗಿದ್ದೆ. ಏಳು ವರ್ಷದಲ್ಲಿ ಮೊದಲ ಸಲ. ಹುಚ್ಚಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಚಾಪೆ ಹಾಕಿದಳು. ಬೈಯುತ್ತಾಳೆ ಅಂದುಕೊಂಡು ಹೋದವಳಿಗೆ ಚಹಾ ಕೊಟ್ಟಳು. ಮೊದಲೆಲ್ಲ ಸುತ್ತಿನ ನಾಲ್ಕು ಹಳ್ಳಿಯ ಮದುವೆಗೆ ಸಾಂಬಾರು ಅಂದರೆ ಹುಚ್ಚಮ್ಮನೇ ಬರಬೇಕಿತ್ತು. ಈಗ ಪಾತ್ರೆ ತೊಳೆಯಲೂ ಕರೆಯುವುದಿಲ್ಲವಂತೆ. "ಮಕ್ಳಿಗೆ ಹುಳ್ದಿದ್ದು ಬಡ್ಸಿದಾಕಿ ಅಂತಾರೆ ಟೀಚರ್, ನಾನೇನು ಉತ್ತರ ಹೇಳ್ಲಿ?" ಎಂದಳು. ಈಗ ಜೋಳದ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ.

ಅವಳ ಬಾಯಿಂದ ಇನ್ನೊಂದು ವಿಷಯವೂ ಬಂತು. ಆ ಸಾಂಬಾರು ಬೆಳಿಗ್ಗೆ ಮಾಡಿದ್ದಲ್ಲವಂತೆ. ದಾನಿಗಳು ಬಂದಾಗ ಒಲೆ, ಮಸಿ, ಹೊಗೆ ಏನೂ ಕಾಣಬಾರದೆಂದು ಹಿಂದಿನ ಸಂಜೆಯೇ ಮಾಡಿಡಲು ನೀವೇ ಹೇಳಿದ್ದಿರಂತೆ. ಕಾಯಿ ರುಬ್ಬಿ ಹಾಕಿದ ಸಾಂಬಾರು ಅದು. ಇದು ನನಗೆ ಗೊತ್ತಿರಲಿಲ್ಲ. ಇದು ನಿಜವೇ ಸರ್?

ಮಾರ್ಚ್ ಹತ್ತರಂದು ಆ ಪುಸ್ತಕವನ್ನು ಬೀರುವಿನಿಂದ ನಾನೇ ತೆಗೆದುಕೊಂಡು ಹೋಗುತ್ತೇನೆ. ನನ್ನ ಸೋಮವಾರದ ಸಹಿಯ ವಿಷಯ ನಾನೇ ಹೇಳುತ್ತೇನೆ. ನಿಮ್ಮ ಪಾಲಿನದ್ದನ್ನು ನೀವು ಹೇಳಿ. ಇಲ್ಲದಿದ್ದರೆ ಹುಚ್ಚಮ್ಮನ ಹೆಸರಿನ ಮೇಲಿನ ಕಲೆ ಹೋಗುವುದಿಲ್ಲ.

ವಾಸಂತಿ

*

ಸೊರಬ
1 ಮಾರ್ಚ್ 2025

ವಾಸಂತಿ,

ದುಡುಕಬೇಡಿ. ಹುದ್ದೆ ಕೈಗೆ ಬರುವ ಹೊತ್ತಿನಲ್ಲಿ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುವವರನ್ನು ನಾನು ಕಂಡಿಲ್ಲ. ಬೇಕಾದರೆ ಆ ಪದವನ್ನು ಹೊಡೆದುಹಾಕಿ ಎಂದು ಗುರುಪ್ರಕಾಶನಿಗೆ ನಾನೇ ಬರೆಯುತ್ತೇನೆ. ‘ಶಿಕ್ಷಕಿ ಉತ್ತರಿಸಿ ತರಗತಿಗೆ ಹೋದರು.’ ಆಗ ಯಾರಿಗೂ ತೊಂದರೆ ಇಲ್ಲ.

ನನಗೆ ಈಗ ಅರವತ್ತಾರು. ಆಮಂತ್ರಣ ಪತ್ರಿಕೆ ಅಚ್ಚಾಗಿದೆ. ಮೊಮ್ಮಕ್ಕಳಿಗೆಲ್ಲ ಹಾಲ್ ತೋರಿಸುತ್ತೇನೆಂದು ಹೇಳಿದ್ದೇನೆ. ಆ ಸಂಜೆಯ ವಿಷಯ ನನಗೆ ಸರಿಯಾಗಿ ನೆನಪಿಲ್ಲ.

ಸದಾಶಿವಪ್ಪ

*

ಶಿಕಾರಿಪುರ
11 ಮಾರ್ಚ್ 2025

ಸರ್,

ನಿನ್ನೆ ಸಭೆ ಮುಗಿಯಿತು. ಪುಸ್ತಕವನ್ನು ಮೇಜಿನ ಮೇಲಿಟ್ಟು ಗುರುವಾರದ ಸಾಲು ತೋರಿಸಿದೆ. ಎಲ್ಲರೂ ಒಟ್ಟಿಗೆ ಮಾತಾಡಿದರು. ಹುದ್ದೆಯ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ನೋಟಿಸೂ ಬರುತ್ತದಂತೆ, ಬರಲಿ. ರಾತ್ರಿ ಅತ್ತೆ. ಬೆಳಿಗ್ಗೆ ಎದ್ದಾಗ ಎದೆಯ ಮೇಲಿದ್ದ ಭಾರ ಇರಲಿಲ್ಲ.

ಹುಚ್ಚಮ್ಮನ ವಿಷಯವನ್ನೂ ಎತ್ತಿದೆ. ಗುರುಪ್ರಕಾಶ್ ನಿಮ್ಮ ವರದಿಯನ್ನು ಎದುರಿಗಿಟ್ಟುಕೊಂಡು, "ಮೇಡಂ, ಹಿಂದಿನ ಸಂಜೆ ಸಾಂಬಾರು ಮಾಡ್ಸಿದ್ರು ಅಂತ ಇದರಲ್ಲಿಲ್ಲ. ಅಡುಗೆಯವಳ ಅಜಾಗರೂಕತೆ ಅಂತ ಇದೆ. ಸರ್ ಬರೆದುಕೊಟ್ರೆ ಬದಲಾಯಿಸ್ತೀವಿ, ನಿಮ್ಮ ಮಾತಿನ ಮೇಲೆ ಆಗಲ್ಲ" ಎಂದರು. ಇವತ್ತಿನಿಂದ ನನ್ನ ಮಾತಿಗೆ ಬೆಲೆ ಎಷ್ಟು ಎಂಬುದು ಅವರಿಗೂ ಗೊತ್ತು.

ನೀವು ಹೇಳಿದ ಹಾಗೆ ಆ ಪದ ಹೊಡೆದುಹಾಕಿಸುವುದು ಬೇಡ. ಇರಲಿ. ನನಗಿನ್ನು ಅದರಿಂದ ಆಗಬೇಕಾದ್ದೇನೂ ಇಲ್ಲ. ಉಳಿದಿರುವುದು ಹುಚ್ಚಮ್ಮ, ನೀವು.

ವಾಸಂತಿ

*

ಬಳ್ಳಿಗಾವಿ
19 ಮಾರ್ಚ್ 2025

ಹೆಡ್‌ಮಾಸ್ಟರ್ ಸಾರ್ ಅವರಿಗೆ ಹುಚ್ಚಮ್ಮ ಮಾಡುವ ನಮಸ್ಕಾರ. ನನ್ನ ಮೊಮ್ಮಗಳು ಗಂಗಾಶ್ರೀ ಕೈಯಲ್ಲಿ ಬರೆಸ್ತಾ ಇದೀನಿ. ನಾನು ಹೇಳಿದಂಗೇ ಬರಿ, ಒಂದಕ್ಷರ ತಿದ್ದಬ್ಯಾಡ ಅಂತ ಹೇಳಿದೀನಿ.

ವಾಸಂತಿ ಟೀಚರ್ ಬಂದಿದ್ರು, ನಿಮ್ಮ ಕಾಗದಾನೂ ಅವರ ಕಾಗದದ ನಕಲೂ ಓದಿ ಹೇಳಿದ್ರು. ಅವರು ಹೆಂಗೆ ಮಾತಾಡಿದ್ರು ಅಂತ ನೀವಿಬ್ರೂ ಇಷ್ಟು ಬರ್ಕೊಂಡೀರಿ. ಆ ಇಂಗ್ಲೀಸು ಪದ ನಂಗೆ ತಿಳೀವಲ್ದು, ಇರ್ಲಿ ಬಿಡ್ರಿ. ಒಂದು ಕೇಳ್ತೀನಿ. ನಾನೂ ಮಾತಾಡಿದ್ದೆ ಸಾರ್. ಹಿಂದ್ಲ ದಿನ ಸಂಜೀಕೇ ಮಾತಾಡಿದ್ದೆ. ಟೀಚರ್ ಬಾಯಿಗಿಡೋಕೂ ಮೊದ್ಲು ಹೇಳಿದಾಕಿ ನಾನು. ನಾನು ಸಿಟ್ಟಿನಾಗೆ ಹೇಳಿದ್ನೋ ಸಮಾಧಾನದಾಗೆ ಹೇಳಿದ್ನೋ, ಅದೂ ಯಾವ ಹಾಳ್ಯಾಗೂ ಇಲ್ಲ.

ಕೆಲಸ ಬ್ಯಾಡ ಸಾರ್, ಮಂಡಿ ಹಿಡ್ಕೊಂಡೈತೆ, ದೊಡ್ಡ ಪಾತ್ರೆ ಎತ್ತೋಕಾಗಲ್ಲ. ಮುಂದ್ಲ ತಿಂಗ್ಳು ನಮ್ಮ ಓಣ್ಯಾಗೆ ಒಂದು ಮದ್ವಿ ಐತೆ. ಸಾಂಬಾರಿಗೆ ಶಿಕಾರಿಪುರದಿಂದ ಭಟ್ರನ್ನ ಕರೀತಾರಂತೆ. ಎದುರು ಮನೇರು ಸಾರ್ ಅವರು. ಆ ಹುಡುಗಿ ತೊಟ್ಲಿಗೆ ಹಾಕ್ದಾಗ ನಾನೇ ಅಡಿಗಿ ಮಾಡಿದ್ದೆ.

ಆ ಸಂಜಿ ನಾನೇನಂದೆ, ನೀವೇನಂದ್ರಿ, ಎರಡೂ ನಂಗೆ ನೆನಪೈತೆ. ನಾನು ಹೇಳೋಕಿಲ್ಲ. ನೀವು ದೊಡ್ಡೋರು, ಓದಿದೋರು. ನೆನಪಿದ್ರೆ ನೀವೇ ಬರೀರಿ.

ಹುಚ್ಚಮ್ಮ
(ಹೆಬ್ಬೆಟ್ಟು)

*

ಸೊರಬ
27 ಮಾರ್ಚ್ 2025

ಹುಚ್ಚಮ್ಮನವರಿಗೆ ಸದಾಶಿವಪ್ಪನ ನಮಸ್ಕಾರ.

ಇವತ್ತು ಶಾಲೆಯ ಕಾರ್ಯದರ್ಶಿಗೆ ಕಳಿಸಿದ ಕಾಗದದ ಪ್ರತಿ ಕೆಳಗಿದೆ. ಇನ್ನೊಂದು ಪ್ರತಿ ವಾಸಂತಿ ಮೇಡಂ ಅವರಿಗೆ ಹೋಗಿದೆ. ಗಂಗಾಶ್ರೀ ಇದನ್ನು ನಿಮಗೆ ಓದಿ ಹೇಳಲಿ. ನಿಮ್ಮ ಓಣಿಯಲ್ಲಿ ನಾಲ್ಕು ಜನರೆದುರು ಓದಿದರೂ ನನ್ನ ಅಭ್ಯಂತರವಿಲ್ಲ. ಐದು ದಿನ ತೆಗೆದುಕೊಂಡೆ. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ, ಹರಿದುಹಾಕಿದೆ.

‘ಕಾರ್ಯದರ್ಶಿಗಳಿಗೆ. 2018ರ ಬಿಸಿಯೂಟದ ಪ್ರಕರಣದಲ್ಲಿ ನಾನು ಕೊಟ್ಟ ವರದಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅಡುಗೆಯವರ ಅಜಾಗರೂಕತೆ ಎಂದು ಬರೆದದ್ದು ಸುಳ್ಳು. ಸಾಂಬಾರನ್ನು ಹಿಂದಿನ ಸಂಜೆಯೇ ಮಾಡಿಸಿದ್ದು ನಾನು. ರುಚಿ ಪುಸ್ತಕಕ್ಕೆ ಟೀಚರ್‌ಗಳು ಸೋಮವಾರವೇ ಸಹಿ ಹಾಕುವುದು ನನಗೆ ಗೊತ್ತಿತ್ತು. ಮಾರನೆಯ ದಿನ ವಾಸಂತಿಯವರು ಸಾಂಬಾರು ಹುಳಿ ತಿರುಗಿದೆ, ಬಡಿಸಬೇಡಿ ಎಂದರು. ಬಡಿಸಿ ಎಂದವನು ನಾನು. ಊಟದ ಹಾಲ್‌ಗೆ ನನ್ನ ಹೆಸರು ಬೇಡ, ಆಮಂತ್ರಣ ಪತ್ರಿಕೆ ಹಂಚಬೇಡಿ.

ಹಿಂದಿನ ಸಂಜೆ ಐದೂವರೆಗೆ ಅಡುಗೆ ಮನೆಯಲ್ಲಿ ನಡೆದದ್ದು ಯಾವ ಕಾಗದದಲ್ಲೂ ಇಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಚ್ಚಮ್ಮನವರು ಹೇಳಿದ್ದು: "ಕಾಯಿ ಹಾಕಿದ್ದು ಬೆಳಗಾಗೋತಂಕ ನಿಲ್ಲಂಗಿಲ್ಲ ಸಾರ್, ಮಕ್ಳು ಉಣ್ಣೋ ಅನ್ನ. ನಾನು ನಾಕು ಗಂಟೀಗೆ ಎದ್ದು ಬಂದು ಮಾಡ್ತೀನಿ, ನೀವು ಬರೋದ್ರಾಗೆ ಒಲೀನೂ ಸಾರ್ಸಿರ್ತೀನಿ."

ನಾನು ಹೇಳಿದ್ದು: "ನಿನ್ನ ಕೇಳಿದೋರ್ಯಾರು?"

ಸದಾಶಿವಪ್ಪ’